ಗಿರಣಿಯ ಹೆಂಗಸರು ಓದಿದ ಹಾಡು

ಮನೆಯಿಂದ
ಫೆಬ್ರವರಿ ೯

ಮಗಳೇ,

ನಿನ್ನ ಹೊಸ ಹಾಡುಗಳ ಡಿಸ್ಕು ಬಂದು ತಲುಪಿತು. ಅದನ್ನು ಮೊದಲು ತಮ್ಮ ಸಲೂನಿನಲ್ಲೇ ಹಾಕಬೇಕೆಂದು ನಿಮ್ಮಪ್ಪ ಹಟ ಹಿಡಿದರು. ಮಗಳು ಹಾಡಿದ್ದು ಅಂತ ಊರಿಗೆಲ್ಲ ಗೊತ್ತಾಗಬೇಡವೇ? ಹಾಕಿದರು. ಗಡ್ಡ ಮಾಡಿಸಿಕೊಳ್ಳುತ್ತಿದ್ದ ಅಂಚೆಯವನು ಕೆನ್ನೆಯ ಮೇಲಿನ ಸೋಪಿನ ಸಮೇತ ಎದ್ದು ನಿಂತು, "ಏನ್ ಬಿತ್ತು ಸ್ವಾಮಿ, ಗೋಡೆನಾ?" ಎಂದು ಕೇಳಿದನಂತೆ. "ಗೋಡೆ ಅಲ್ಲ ಕಣಯ್ಯಾ, ನಮ್ಮ ಹುಡುಗಿ" ಎಂದರಂತೆ ನಿಮ್ಮಪ್ಪ. ಅಂದಿನಿಂದ ಬೀದಿಯವರೆಲ್ಲ ನಿನ್ನನ್ನು ಗುಡುಗಮ್ಮ ಎಂದು ಕರೆಯುತ್ತಿದ್ದಾರೆ. ನನಗೇನೂ ಬೇಸರವಿಲ್ಲ, ಇದಕ್ಕಿಂತ ಕೆಟ್ಟ ಹೆಸರುಗಳನ್ನು ಚಿಕ್ಕಂದಿನಲ್ಲಿ ನಾನೇ ನಿನಗೆ ಇಟ್ಟಿದ್ದೇನೆ.

ಸಾಲುಗಳನ್ನು ಅಚ್ಚು ಹಾಕಿಸಿ ಒಳಗೆ ಇಟ್ಟಿದ್ದೀಯಲ್ಲ, ಅವನ್ನು ಪೂರ್ತಿ ಓದಿದೆ. ಹಿಮ ಅಂತೆ, ಹೆಪ್ಪುಗಟ್ಟಿದ ಸರೋವರ ಅಂತೆ, ಕತ್ತಲ ಕಾಡಿನಲ್ಲಿ ಒಂಟಿ ತೋಳ ಅಂತೆ. ನೀನು ಯಾವಾಗ ತೋಳ ನೋಡಿದೆ ತಾಯೀ? ನಮ್ಮ ಊರಲ್ಲಿ ಹಿಮ ಬಿದ್ದದ್ದನ್ನು ನಿನ್ನ ಮುತ್ತಜ್ಜಿಯೂ ಕಂಡಿಲ್ಲ. ಬೀದಿ ನಾಯಿ ಅಟ್ಟಿಸಿಕೊಂಡು ಬಂದರೆ ಅಂಗಡಿಯ ಮೆಟ್ಟಿಲು ಹತ್ತಿ ಅಳುತ್ತಿದ್ದವಳು ನೀನು. ಬೇರೆಯವರ ಕೋಟು ಹಾಕಿಕೊಂಡ ಹಾಗಿವೆ ಈ ಹಾಡುಗಳು. ಹೊಲಿಗೆ ಚೆನ್ನಾಗಿದೆ, ಅಳತೆ ನಿನ್ನದಲ್ಲ.

ಬೈದೆ ಅಂದುಕೊಳ್ಳಬೇಡ. ವ್ಯಾನಿನಲ್ಲಿ ಊರೂರು ಸುತ್ತುತ್ತಿದ್ದೀಯ. ನಿನ್ನ ಹಾಗೆಯೇ ಗರ್ಜಿಸಿ ಹಾಡುವ ಅಲ್ಲಿಯ ಹೆವಿ ಮೆಟಲ್ಲಿನವರು ಏನು ಹಾಡುತ್ತಾರೆ, ಯಾಕೆ ಹಾಗೆ ಹಾಡುತ್ತಾರೆ ಎಂದು ಕೇಳಿ ಬರೆ. ಫೋನು ಮಾತ್ರ ಮಾಡಬೇಡ. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ.

ನಿನ್ನ
ಅಮ್ಮ

---

ಚಳಿದೇಶದಿಂದ
ಮಾರ್ಚ್ ೨

ಅಮ್ಮಾ,

ನಿನ್ನ ಪತ್ರ ಓದಿ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಇಲ್ಲಿ ನಮ್ಮ ಕಾರ್ಯಕ್ರಮ ನಡೆಯಿತು. ಹಿಮದ ಹಾಡು ಹಾಡಿದೆವು. ಮುಗಿದ ಮೇಲೆ ಇಲ್ಲಿಯ ಗಾಯಕಿಯೊಬ್ಬಳು ಬಂದು, ಹಾಡಿನ ಅರ್ಥ ಏನೆಂದು ಕೇಳಿದಳು. ಹೇಳಿದೆ. ಪಾಪ, ನಗು ತಡೆಯಲು ಬಹಳ ಪ್ರಯತ್ನಪಟ್ಟಳು. "ನಿಮ್ಮ ಕಡೆ ಸರೋವರ ಹೆಪ್ಪುಗಟ್ಟುತ್ತಾ?" ಎಂದಳು. ಇಲ್ಲ ಎಂದೆ. "ಪುಣ್ಯವಂತರು" ಎಂದಳು. ಗೆದ್ದೆ ನೀನು. ಸಂತೋಷವಾಯಿತಾ?

ಹಗಲು ಅವಳು ಆಸ್ಪತ್ರೆಯಲ್ಲಿ ನರ್ಸು, ಸಂಜೆ ಸ್ಮಶಾನದ ಹಾಡು. ಅವರ ಹಾಡುಗಳ ತುಂಬ ಸಾವು, ಕಾಡು, ಬೂದಿ. ನೀನು ಹೇಳಿದಂತೆ ಯಾಕೆ ಎಂದು ಕೇಳಿದೆ. ಅವಳು ಹೇಳಿದ್ದು ಇದು: "ನಮ್ಮಲ್ಲಿ ಕಾಯಿಲೆ ಬಿದ್ರೆ ಸರ್ಕಾರ ನೋಡ್ಕೊಳ್ಳುತ್ತೆ, ಕೆಲಸ ಹೋದ್ರೆ ನೋಡ್ಕೊಳ್ಳುತ್ತೆ, ಮುದುಕಿ ಆದ್ರೂ ನೋಡ್ಕೊಳ್ಳುತ್ತೆ. ಚಳಿಗಾಲ ಮತ್ತು ಸಾವು, ಇವೆರಡನ್ನ ಮಾತ್ರ ಯಾವ ಕಚೇರಿಯೂ ನೋಡ್ಕೊಳ್ಳಲ್ಲ. ಇನ್ನೇನ್ ಹಾಡೋಣ ಹೇಳು?" ಇಲ್ಲಿ ಏನು ಹಾಡಿದರೂ ಯಾರೂ ಹಿಡಿಯುವುದಿಲ್ಲವಂತೆ. ಹೆದರಿಸಬೇಕೆಂದು ಎಷ್ಟು ಕಿರುಚಿದರೂ ಜನ ಚಪ್ಪಾಳೆ ತಟ್ಟಿ, ಸಾಲಾಗಿ ನಿಂತು, ಕೋಟು ತೆಗೆದುಕೊಂಡು ಮನೆಗೆ ಹೋಗುತ್ತಾರೆ ಎಂದು ಅವಳಿಗೆ ಬೇಜಾರು.

ಒಂದು ಮಾತು ಕೇಳಲಾ? ಹೋದ ವರ್ಷ ಫೋನಿನಲ್ಲಿ ನನ್ನ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದೆ. ಈಗ ಮಾತು ಹೊರಡುವುದಿಲ್ಲ ಎನ್ನುತ್ತೀಯ. ಯಾಕಮ್ಮಾ?

ನಿನ್ನ
ಗುಡುಗಮ್ಮ

---

ಮನೆಯಿಂದ
ಮಾರ್ಚ್ ೨೮

ಮಗಳೇ,

ಆ ನರ್ಸಮ್ಮನ ಮಾತನ್ನು ಗಿರಣಿಯಲ್ಲಿ ಪಕ್ಕದ ಮಗ್ಗದ ದೊಡ್ಡಕ್ಕನಿಗೆ ಹೇಳಿದೆ. "ಅಂಥ ಕಡೆ ಹುಟ್ಟಿದ್ರೆ ನಾನೂ ಆರಾಮಾಗಿ ಕೂತು ಸಾವಿನ ಬಗ್ಗೆ ಯೋಚನೆ ಮಾಡ್ತಿದ್ದೆ. ಇಲ್ಲಿ ಅದಕ್ಕೆಲ್ಲ ಪುರಸೊತ್ತೆಲ್ಲಿ?" ಎಂದಳು.

ಹೇಳಿದೆ ಎಂದರೆ ತುಟಿಯಲ್ಲಿ ಹೇಳಿದೆ. ಶೆಡ್ಡಿನಲ್ಲಿ ಅಷ್ಟೊಂದು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಪ್ರಯೋಜನವಿಲ್ಲ ಎಂದು ನಿನಗೆ ಗೊತ್ತೇ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೂಲು ಕಟ್ಟುವುದಕ್ಕಿಂತ ಮೊದಲು ನಾವು ಕಲಿಯುವುದೇ ತುಟಿಮಾತು. ಸದ್ದಿಲ್ಲದೆ ಬಾಯಿ ಅಗಲಿಸಿ ಆಡುವುದು, ದೂರದಿಂದಲೇ ಓದುವುದು. ಶೆಡ್ಡಿನ ಆ ತುದಿಯಲ್ಲಿ ಯಾರ ಸೊಸೆ ಯಾರಿಗೆ ಏನಂದಳು ಎಂಬುದು ಈ ತುದಿಗೆ, ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಗಿಂತ ಬೇಗ ಬರುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಇದು ನಿನ್ನ ಹೊಟ್ಟೆಯಲ್ಲೇ ಇರಲಿ. ನನಗೆ ಕಿವಿ ಕೇಳಿಸುವುದಿಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಫೋನು, ಈಗ ಮನೆಯ ಮಾತೂ ಇಲ್ಲ. ನಿಮ್ಮಪ್ಪನ ಮುಖ ನೋಡಿ ಓದಿಕೊಳ್ಳುತ್ತೇನೆ, ಅವರಿಗೆ ಗೊತ್ತಿಲ್ಲ. ಮಗ್ಗದಲ್ಲಿ ಏನಾದರೂ ಹದಗೆಟ್ಟರೆ ಮೊದಲು ಸದ್ದಿನಲ್ಲೇ ತಿಳಿಯುತ್ತಿತ್ತು. ಈಗ ಅದರ ಕಬ್ಬಿಣದ ಮೈಮೇಲೆ ಅಂಗೈ ಇಟ್ಟು ತಿಳಿಯುತ್ತೇನೆ. ಕಿವಿ ಹೋದವರನ್ನು ಗಿರಣಿಯವರು ಮಗ್ಗದಿಂದ ತೆಗೆದು ಕಸ ಗುಡಿಸಲು ಹಾಕುತ್ತಾರೆ. ಯಾರೋ ಮೈಮರೆತು ಕಿವಿ ಕಳೆದುಕೊಂಡು ಬಂದ ಹಾಗೆ! ನನಗೆ ನನ್ನ ಮಗ್ಗಗಳು ಬೇಕು. ಅವುಗಳ ಮುಂದೆ ನಿಂತರೆ ನಾನು ಯಾರು ಎಂದು ನನಗೆ ಗೊತ್ತಿರುತ್ತದೆ.

ಅಳಬೇಡ. ನಾನು ಅತ್ತು ಮುಗಿಸಿದ್ದೇನೆ. ನಿನ್ನ ಡಿಸ್ಕನ್ನು ಜೋರಾಗಿ ಹಾಕಿ ಸ್ಪೀಕರಿನ ಮೇಲೆ ಕೈ ಇಟ್ಟೆ. ಡ್ರಮ್ಮು ಬಹಳ ಚೆನ್ನಾಗಿದೆ.

ನಿನ್ನ
ಅಮ್ಮ

---

ಗಣಿಯ ಊರಿನಿಂದ
ಏಪ್ರಿಲ್ ೩೦

ಅಮ್ಮಾ,

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತರೆ ಏನು ಬರೆಯಬೇಕೆಂದು ತೋಚುತ್ತಿರಲಿಲ್ಲ. ಅದಕ್ಕೆ ಮೊದಲು ನೀನು ಕೇಳಿದ್ದನ್ನೇ ಬರೆಯುತ್ತೇನೆ.

ಚಳಿದೇಶ ಬಿಟ್ಟು, ಬೀದಿ ಬೀದಿಗೂ ಸೈನಿಕರು ನಿಂತಿರುವ ದೇಶಕ್ಕೆ ಹೋದೆವು. ಅಲ್ಲಿ ಹಾಡುವ ಮುಂಚೆ ಸಾಲುಗಳನ್ನು ಕಚೇರಿಗೆ ಒಪ್ಪಿಸಬೇಕು, ನಮ್ಮ ಊರಿನಂತೆಯೇ, ಆದರೆ ಅಲ್ಲಿ ತಪ್ಪಿದರೆ ಜೈಲು. ಅಲ್ಲಿಯ ಬ್ಯಾಂಡುಗಳೆಲ್ಲ ಹಳೇ ರಾಜರ ಕಥೆ ಹಾಡುತ್ತವೆ. ಒಬ್ಬ ಮೇಷ್ಟ್ರು ಹಾಡಿದ್ದು, ಕಣಜಕ್ಕೆ ಬೀಗ ಹಾಕಿ ಪ್ರಜೆಗಳನ್ನು ಉಪವಾಸ ಕೆಡವಿದ ರಾಜನ ಹಾಡು. ಆ ರಾಜ ಸತ್ತು ಶತಮಾನಗಳಾಗಿವೆ. ಆದರೂ ಸಭೆಯಲ್ಲಿ ಕೂತವರೆಲ್ಲ ಹಲ್ಲು ಕಚ್ಚಿ ಕೇಳುತ್ತಿದ್ದರು. "ಪೊಲೀಸರಿಗೆ ಅರ್ಥ ಆಗಲ್ವಾ?" ಎಂದು ಕೇಳಿದೆ. "ಆಗುತ್ತೆ. ಆದ್ರೆ ಇದು ನಮ್ಮ ದೊರೆ ಥರಾನೇ ಇದೆ ಅಂತ ಬರೆದು ಕೇಸ್ ಹಾಕೋ ಧೈರ್ಯ ಯಾರಿಗಿದೆ?" ಎಂದರು ಮೇಷ್ಟ್ರು.

ಈಗ ಇರುವುದು ಗಣಿ ಮುಚ್ಚಿಹೋದ ಊರಿನಲ್ಲಿ. ಇಲ್ಲಿಯವರು ತೋಳವನ್ನೂ ಹಾಡುವುದಿಲ್ಲ, ರಾಜನನ್ನೂ ಹಾಡುವುದಿಲ್ಲ. ಯಂತ್ರವನ್ನು ಹಾಡುತ್ತಾರೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಇಲ್ಲಮ್ಮಾ, ಯಂತ್ರ ನಿಂತುಹೋಯಿತಲ್ಲ ಎಂದು ಅಳುತ್ತಾರೆ. ಅಪ್ಪನ ಎದೆಗೆ ಧೂಳು ತುಂಬಿದ ಗಣಿಯನ್ನೇ ಮಗ ಹೆಸರು ಹಿಡಿದು ಕರೆಯುತ್ತಾನೆ. ಎಲ್ಲ ಕಡೆ ಅದೇ ಗಿಟಾರು, ಅದೇ ಗಂಟಲು. ಆದರೆ ಆಯಾ ಊರಿನ ಎದೆಯ ಮೇಲೆ ಯಾವ ಕಲ್ಲು ಕೂತಿದೆಯೋ ಅದೇ ಬಾಯಿಗೆ ಬರುತ್ತದೆ.

ಅವರ ಹಾಡು ಕೇಳಿ ಬಂದು ನಾನೂ ಒಂದು ಬರೆದೆ. ಹಿಮ ಇಲ್ಲ, ತೋಳ ಇಲ್ಲ. ನಾವು ಹಾಡುವವರು ಕಿವಿಗೆ ರಬ್ಬರ್ ಬಿರಡೆ ಹಾಕಿಕೊಂಡೇ ವೇದಿಕೆ ಹತ್ತುತ್ತೇವೆ. ನಿಮಗೆ ಯಾರೂ ಅದನ್ನು ಕೊಡಲಿಲ್ಲ. ಅಷ್ಟೇ ಅದರ ವಿಷಯ. ನಿನ್ನೆ ಇಲ್ಲಿ ಹಾಡಿದೆ, ಯಾರೋ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ನೀನು ಗಾಬರಿಯಾಗಬೇಡ. ಇಲ್ಲಿ ನಮ್ಮ ಭಾಷೆ ಯಾರಿಗೂ ಬಾರದು, ಊರಿನಲ್ಲಿ ನನ್ನ ಗರ್ಜನೆ ಯಾರಿಗೂ ತಿಳಿಯದು. ನೀನೇ ಹೇಳುತ್ತಿದ್ದೆಯಲ್ಲ, ನೀನು ಹಾಡಿದ್ದರಲ್ಲಿ ಒಂದು ಅಕ್ಷರ ಬಿಡಿಸಿಕೊಳ್ಳುವುದಕ್ಕೆ ದೇವರೇ ಬರಬೇಕು ಎಂದು.

ನಿನ್ನ
ಗುಡುಗಮ್ಮ

---

ಮನೆಯಿಂದ
ಮೇ ೨೪

ನಿನ್ನೆ ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಕಡ್ಡಿ ಓಡಿ ಬಂದಳು. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಸಣಕಲಿ, ನಿನಗೆ ನೆನಪಿರಬೇಕು. "ಅಕ್ಕಾ, ನಿಮ್ಮ ಗುಡುಗಮ್ಮ ಫೋನಲ್ಲಿ ಬಂದಿದಾಳೆ!" ಎಂದು ಎಲ್ಲರನ್ನೂ ಕರೆದಳು. ನನಗೂ ಹೆಮ್ಮೆಯಾಯಿತು, ಹೋಗಿ ನಡುವೆ ನಿಂತೆ. ಹಾಡು ಶುರುವಾಯಿತು. ದೊಡ್ಡಕ್ಕ ಕಿವಿ ಮುಚ್ಚಿಕೊಂಡು, "ಅಯ್ಯೋ, ಆ ಸದ್ದು ನಿಲ್ಸಿ, ಹುಡುಗಿ ಮುಖ ಮಾತ್ರ ನೋಡೋಣ" ಎಂದಳು. ಕಡ್ಡಿ ಸದ್ದು ನಿಲ್ಲಿಸಿದಳು.

ಗೊತ್ತಾಯಿತೇನೇ ಈಗ? ನಿನ್ನ ತುಟಿಯನ್ನು ಇಡೀ ಶೆಡ್ಡು ಓದಿತು. ಅಕ್ಷರ ಬಿಡದೆ ಓದಿತು. ಎಷ್ಟು ಸ್ಪಷ್ಟವಾಗಿ ಬಾಯಿ ಅಗಲಿಸಿ ಹಾಡುತ್ತೀಯ! "ಲಾಳಿ ಹೋಯಿತು, ಅಮ್ಮನ ಬಲಗಿವಿ ಒಯ್ದಿತು, ಲಾಳಿ ಬಂತು, ಎಡಗಿವಿ ಒಯ್ದಿತು." ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ನನ್ನ ಮುಖ ನೋಡದೆ ಎದ್ದು ಹೋದರು.

ಹೊಟ್ಟೆಯಲ್ಲಿ ಇಟ್ಟುಕೋ ಎಂದಿದ್ದೆ. ನೀನು ಅದನ್ನು ಗಂಟಲಿಗೆ ತಂದೆ. ಶೆಡ್ಡಿನ ಮೇಸ್ತ್ರಿಯ ಕಿವಿಗೆ ಬಿದ್ದರೆ ನಾಳೆಯೇ ನನ್ನ ಕೈಗೆ ಪೊರಕೆ. ನನಗೆ ನಿನ್ನ ಮೇಲೆ ಎಷ್ಟು ಕೋಪ ಬಂದಿದೆ ಎಂದರೆ ಮೇಲೆ "ಮಗಳೇ" ಎಂದು ಬರೆಯಲು ಕೈ ಬರಲಿಲ್ಲ.

ಅಮ್ಮ

---

ಬಂದರಿನ ಊರಿನಿಂದ
ಜೂನ್ ೧೧

ಅಮ್ಮಾ,

ತಪ್ಪಾಯಿತು. ನಿನ್ನನ್ನು ಕೇಳದೆ ನಿನ್ನ ನೋವನ್ನು ತೆಗೆದುಕೊಂಡೆ. ಶೆಡ್ಡಿನ ಹೆಂಗಸಿನ ಮಗಳಾಗಿದ್ದೂ ತುಟಿಮಾತನ್ನೇ ಮರೆತೆನಲ್ಲ, ಎಂಥ ದಡ್ಡಿ ನಾನು. ಗರ್ಜಿಸಿದರೆ ಮಾತು ಮುಚ್ಚಿಹೋಗುತ್ತದೆ ಎಂದು ನಂಬಿದ್ದೆ.

ಆ ಚಿತ್ರವನ್ನು ಅಳಿಸಿಹಾಕಿಸಿದ್ದೇನೆ. ಹಾಡನ್ನು ಇನ್ನು ಹಾಡುವುದಿಲ್ಲ. ಬ್ಯಾಂಡಿನವರು ನಮ್ಮ ಅತ್ಯುತ್ತಮ ಹಾಡು ಇದೇ ಎನ್ನುತ್ತಿದ್ದಾರೆ. ಅಂದರೆ ಅನ್ನಲಿ. ನಿನ್ನ ಮಗ್ಗಗಳಿಗಿಂತ ನನಗೆ ಹಾಡು ಹೆಚ್ಚಲ್ಲ.

ಒಂದೇ ಒಂದು ಸಾಲಾದರೂ ಬರೆ ಅಮ್ಮಾ. ಬೈದೇ ಬರೆ.

ನಿನ್ನ ಮಗಳು

---

ಮನೆಯಿಂದ
ಜುಲೈ ೧

ಮಗಳೇ,

ನೋಡು, ಬರೆದಿದ್ದೇನೆ. ಮೂಗು ಒರೆಸಿಕೊಂಡು ಓದು.

ಕ್ಯಾಂಟೀನಿನ ಘಟನೆಯ ನಂತರ ಮೂರು ದಿನ ಶೆಡ್ಡಿನಲ್ಲಿ ಯಾರೂ ನನ್ನ ಕಡೆ ತುಟಿ ಆಡಿಸಲಿಲ್ಲ. ನಾಲ್ಕನೇ ದಿನ ಪಾಳಿ ಮುಗಿದ ಮೇಲೆ ದೊಡ್ಡಕ್ಕ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿ, ತುಟಿಯಲ್ಲೇ, "ನಿನ್ನ ಮಗಳಿಗೆ ನನ್ನ ವಿಷಯ ಯಾರು ಹೇಳಿದ್ದು?" ಎಂದಳು. ನನಗೆ ಅರ್ಥವೇ ಆಗಲಿಲ್ಲ. "ನಿನ್ನ ವಿಷಯ ಅಲ್ಲ ಕಣೇ, ನನ್ನದು" ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಅಷ್ಟರಲ್ಲಿ ಉಳಿದವರೂ ಒಳಗೆ ಬಂದರು. ಒಬ್ಬಳು ತನಗೆ ಎಡಗಿವಿ ಇಲ್ಲ ಎಂದಳು, ಇನ್ನೊಬ್ಬಳು ಮೊಮ್ಮಗನ ಅಳು ಕೇಳಿಸದೆ ಸೊಸೆಯಿಂದ ಬೈಸಿಕೊಳ್ಳುತ್ತಿದ್ದೇನೆ ಎಂದಳು. ಅಯ್ಯೋ ರಾಮ, ಕಡ್ಡಿಗೆ ಕೂಡ ಗಂಟೆ ಬಾರಿಸಿದ ಹಾಗೆ ಸದಾ ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯಂತೆ.

ಪ್ರತಿಯೊಬ್ಬಳೂ ಆ ಹಾಡು ತನ್ನದೇ ಅಂದುಕೊಂಡಿದ್ದಳು, ಗುಟ್ಟು ಬಯಲಾಯಿತು ಎಂದು ಹೆದರಿ ಎದ್ದು ಹೋಗಿದ್ದಳು. ದೊಡ್ಡಕ್ಕ ಕ್ಯಾಂಟೀನಿನಲ್ಲಿ ಕಿವಿ ಮುಚ್ಚಿಕೊಂಡದ್ದೂ ಬರೀ ನಟನೆಯಂತೆ. ನಾವೆಲ್ಲ ತುಟಿಯಲ್ಲೇ ಮಾತಾಡುವವರು, ಯಾರಿಗೆ ಕೇಳಿಸುತ್ತದೆ ಯಾರಿಗೆ ಇಲ್ಲ ಎಂದು ಒಬ್ಬರಿಗೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ? ಇಷ್ಟು ವರ್ಷ ಒಂದೇ ಶೆಡ್ಡಿನಲ್ಲಿ ಒಬ್ಬೊಬ್ಬರೇ ಕಿವುಡಿಯರಾಗಿ ನಿಂತಿದ್ದೆವು. ಎಷ್ಟು ನಕ್ಕೆವು, ಎಷ್ಟು ಅತ್ತೆವು ಎಂದರೆ ಕಾವಲುಗಾರ ಬಂದು ಬಾಗಿಲು ತಟ್ಟಿದನಂತೆ. ತಟ್ಟಿದ್ದು ಕೇಳಿಸಬೇಕಲ್ಲ!

ಮನೆಗೆ ಬಂದು ನಿಮ್ಮಪ್ಪನಿಗೂ ಹೇಳಿದೆ. "ಹಾಗಾದ್ರೆ ನಾನು ಹಾಡು ಗುನುಗುವಾಗ ತಲೆ ಆಡಿಸ್ತಿದ್ದೆಯಲ್ಲ, ಅದೆಲ್ಲ ಸುಳ್ಳಾ?" ಎಂದರು. ಅದಕ್ಕೆ ಬೇಜಾರು ಅವರಿಗೆ.

ಈಗ ನಾವೆಲ್ಲ ಸೇರಿ ಮ್ಯಾನೇಜರಿಗೆ ಒಂದು ಅರ್ಜಿ ಕೊಟ್ಟಿದ್ದೇವೆ: ಕಿವಿ ಡಾಕ್ಟರನ್ನು ಕರೆಸಿ, ಬಿರಡೆ ಕೊಡಿ, ಯಾರನ್ನೂ ಮಗ್ಗದಿಂದ ತೆಗೆಯಬೇಡಿ. ಮೇಸ್ತ್ರಿ ಅದನ್ನು ಓದಿ, ಯಾವಾಗಿನಂತೆ ಕಿರುಚಾಡಿ, ತನ್ನ ಮೇಜಿನ ಖಾನೆಗೆ ಹಾಕಿದ. ಅಲ್ಲೇ ಕೂತಿದೆ. ಅದಕ್ಕೆ ದೊಡ್ಡಕ್ಕ ಹೇಳಿದಳು, "ಆ ಹುಡುಗೀನ ಕರೆಸು. ಪುರಭವನದಲ್ಲಿ ಹಾಡ್ಲಿ, ಮ್ಯಾನೇಜರನ್ನೂ ಕರೆಯೋಣ."

ಚಿತ್ರ ಅಳಿಸಿಹಾಕಿಸಿದ್ದಕ್ಕೆ ಎಲ್ಲರೂ ನಿನ್ನನ್ನು ಬೈದರು. ಇನ್ನೊಂದು, "ಬಟ್ಟೆ ಬೆಳ್ಳಗಿತ್ತು" ಎಂದು ಬರೆದಿದ್ದೀಯ. ನಾವು ನೇಯುವುದು ನೀಲಿ. ತಿದ್ದಿಕೋ.

ನಿನ್ನ
ಅಮ್ಮ

---

ಬಂದರಿನ ಊರಿನಿಂದ
ಆಗಸ್ಟ್ ೧೯

ಅಮ್ಮಾ,

ತಿದ್ದಿದೆ. ಸೆಪ್ಟೆಂಬರ್ ಮೂರನೇ ಶನಿವಾರ ಪುರಭವನ ಸಿಕ್ಕಿದೆ. ಅಲ್ಲಿ ಹಾಡಿ ಮರುದಿನ ಬೆಳಗ್ಗೆಯೇ ಹೊರಡಬೇಕು. ಆದರೆ ಒಂದು ತೊಡಕು. ಸಾಲುಗಳನ್ನು ಅನುಮತಿ ಕಚೇರಿಗೆ ಕಳಿಸಿದ್ದೆವಲ್ಲ, ಗುಮಾಸ್ತರು ಎಲ್ಲವನ್ನೂ ಒಪ್ಪಿ ಲಾಳಿಯ ಚರಣವನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. "ಈ ಚರಣದ ಯಾವ ಶಬ್ದವನ್ನೂ ಧ್ವನಿವರ್ಧಕದಲ್ಲಾಗಲಿ, ಬಾಯಿಯಿಂದಾಗಲಿ ಉಚ್ಚರಿಸತಕ್ಕದ್ದಲ್ಲ" ಎಂದು ಬರೆದಿದ್ದಾರೆ. ಉಚ್ಚರಿಸಿದರೆ ಕಾರ್ಯಕ್ರಮ ಅಲ್ಲೇ ನಿಲ್ಲುತ್ತದೆ, ಬ್ಯಾಂಡಿಗೆ ಇನ್ನು ಊರಿನಲ್ಲಿ ಅನುಮತಿ ಇಲ್ಲ.

ಅದೇ ಚರಣ ನಿಮ್ಮದು. ಅದಿಲ್ಲದೆ ಹಾಡಿ ಏನು ಬಂತು? ಗಣಿಯ ಊರಿನಲ್ಲಾದರೆ ಹಾಡಿಯೇ ಬಿಡುತ್ತಿದ್ದರು. ಮೇಷ್ಟ್ರಾದರೆ ಯಾವುದೋ ರಾಣಿಯ ಕಥೆ ಮಾಡುತ್ತಿದ್ದರು. ನಮ್ಮ ಊರಿನ ದಾರಿ ಯಾವುದು? ನಿನ್ನನ್ನು ಕೇಳದೆ ಈ ಸಲ ಏನೂ ಮಾಡುವುದಿಲ್ಲ.

ನಿನ್ನ
ಗುಡುಗಮ್ಮ

---

ಮನೆಯಿಂದ
ಸೆಪ್ಟೆಂಬರ್ ೨

ಮಗಳೇ,

ಗುಮಾಸ್ತರು ಹೇಳಿದಂತೆಯೇ ಮಾಡು. ಆ ಚರಣ ಬಂದಾಗ ಮೈಕು ಕೆಳಗಿಡು, ವಾದ್ಯ ನಿಲ್ಲಿಸು. ನಿನ್ನ ಬಾಯಿಯಿಂದ ಒಂದು ಶಬ್ದವೂ ಹೊರಡಕೂಡದು. ದೀಪ ಮಾತ್ರ ನಿನ್ನ ಮುಖದ ಮೇಲೆ ಚೆನ್ನಾಗಿ ಬೀಳಲಿ. ಸಭೆಯ ಮುಂದಿನ ಸಾಲಿನ ಕುರ್ಚಿಗಳೆಲ್ಲ ನಮ್ಮವು.

ಬರುವಾಗ ಸ್ವೆಟರು ಬಿಟ್ಟು ಬರಬೇಡ.

ಅಮ್ಮ

---

ಸಲೂನಿನಿಂದ
ಸೆಪ್ಟೆಂಬರ್ ೨೯

ಗುಡುಗಮ್ಮನಿಗೆ ಅಪ್ಪನ ಆಶೀರ್ವಾದ.

ನಿನಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ನೀನು ಮರುದಿನ ಬೆಳಗ್ಗೆಯೇ ವ್ಯಾನು ಹತ್ತಿ ಹೋದೆ. ಹಾಡುವಾಗ ನಿನ್ನ ಕಿವಿಯಲ್ಲಿ ಬಿರಡೆ ಇತ್ತು, ಮುಖದ ಮೇಲೆ ದೀಪ ಇತ್ತು. ಹಿಂದಿನ ಸಾಲಿನಲ್ಲಿ ನಡೆದದ್ದು ನಿನಗೆ ಗೊತ್ತಾಗಲಿಲ್ಲ. ನಿಮ್ಮಮ್ಮನಿಗೂ ಕೇಳಿಸಿಲ್ಲ. ಕೇಳಿಸಿಕೊಂಡವನು ನಾನು, ಅದಕ್ಕೆ ನಾನೇ ಬರೆಯಬೇಕು.

ನಾನು ಕೂತದ್ದು ಕೊನೆಯ ಸಾಲಿನಲ್ಲಿ. ನನ್ನ ಪಕ್ಕ ಅಂಚೆಯವನು, ಆಚೆ ಅನುಮತಿ ಕಚೇರಿಯ ಗುಮಾಸ್ತರು, ಅವರ ಆಚೆ ಮೇಸ್ತ್ರಿ, ಕೊನೆಯಲ್ಲಿ ಮ್ಯಾನೇಜರು. ಗುಮಾಸ್ತರು ಕಾಗದದ ಮೇಲೆ ಬೆರಳಿಟ್ಟುಕೊಂಡು ಪ್ರತಿ ಸಾಲನ್ನೂ ಹಿಂಬಾಲಿಸುತ್ತಿದ್ದರು. ಪಾಪ, ಒಂದು ಅಕ್ಷರವಾದರೂ ತಿಳಿದಿತ್ತೋ ಇಲ್ಲವೋ. ಆಮೇಲೆ ನೀವು ವಾದ್ಯ ನಿಲ್ಲಿಸಿದಿರಿ. ನೀನು ಮೈಕು ಕೆಳಗಿಟ್ಟು ಬಾಯಿ ತೆರೆದೆ. ಏನೂ ಕೇಳಿಸಲಿಲ್ಲ. ಅಷ್ಟು ಗದ್ದಲದ ಮೇಲೆ ಅಂಥ ಮೌನ ನಾನು ಎಲ್ಲೂ ಕೇಳಿಲ್ಲ. ಮುಂದಿನ ಸಾಲುಗಳಲ್ಲಿ ಗಿರಣಿಯ ಹೆಂಗಸರು ಒಟ್ಟಿಗೆ ಎದ್ದು ನಿಂತರು. ನಿನ್ನ ಜೊತೆಗೇ ಅವರ ತುಟಿಗಳೂ ಆಡುತ್ತಿದ್ದವು. ಆಮೇಲೆ ನಿಮ್ಮಮ್ಮ ನಿನಗೆ ಬೆನ್ನು ಮಾಡಿ ಮ್ಯಾನೇಜರ ಕಡೆಗೆ ತಿರುಗಿದಳು. ಎಲ್ಲರೂ ತಿರುಗಿದರು. ಅಷ್ಟೂ ಬಾಯಿಗಳು ಸದ್ದಿಲ್ಲದೆ ಅವರಿಗೆ ಏನೋ ಹೇಳುತ್ತಿದ್ದವು.

ಮ್ಯಾನೇಜರು ಬೆವರು ಒರೆಸಿಕೊಂಡು, "ಏನ್ ಹೇಳ್ತಿದಾರ್ರೀ ಇವ್ರು?" ಎಂದು ಗುಮಾಸ್ತರನ್ನು ಕೇಳಿದರು. ಗುಮಾಸ್ತರು, "ಏನೂ ಇಲ್ಲ ಸಾರ್, ಒಂದು ಶಬ್ದವೂ ಇಲ್ಲ, ನಿಯಮದ ಪ್ರಕಾರವೇ ಇದೆ" ಎಂದರು. ಆಗ ಮ್ಯಾನೇಜರು ಮೇಸ್ತ್ರಿಯ ತೋಳು ಹಿಡಿದು ಅದನ್ನೇ ಕೇಳಿದರು. ಮೇಸ್ತ್ರಿ ಹುಡುಗನಾಗಿದ್ದಾಗಿನಿಂದ ಆ ಶೆಡ್ಡಿನಲ್ಲೇ ಬೆಳೆದವನಲ್ಲವೇ, ಅವನಿಗೆ ಎಲ್ಲ ತಿಳಿದಿತ್ತು. ಮ್ಯಾನೇಜರ ಕಿವಿಗೆ ಬಾಯಿ ಇಟ್ಟು, ಕೈ ಅಡ್ಡ ಹಿಡಿದು, ಗುಟ್ಟಾಗಿ ಪಿಸುಗುಟ್ಟಿದ. ಅವನ ಲೆಕ್ಕದಲ್ಲಿ ಅದು ಪಿಸುಗುಟ್ಟಿದ್ದು. ಇಡೀ ಪುರಭವನಕ್ಕೆ ಕೇಳಿಸಿತು.

"ಲಾಳಿ ಹೋಯಿತು, ಅಮ್ಮನ ಬಲಗಿವಿ ಒಯ್ದಿತು! ಲಾಳಿ ಬಂತು, ಎಡಗಿವಿ ಒಯ್ದಿತು! ಬಟ್ಟೆ ನೀಲಿಯಾಗಿ ಬಂತು, ಊರೆಲ್ಲ ಮೆಚ್ಚಿತು! ಅಂತಿದಾರೆ ಸಾರ್!"

ಅಂಚೆಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಯಾವಾಗಲೂ ಕಿರುಚುವ ಮನುಷ್ಯ, ಅದು ಅಧಿಕಾರದ ಮದ ಅಂದುಕೊಂಡಿದ್ದೆವು. ಅವನಿಗೂ ಕಿವಿ ಇಲ್ಲ ಮಗಾ. ಮ್ಯಾನೇಜರಿಗೂ ಆಗಲೇ ಅದು ಹೊಳೆಯಿತು. ಹಿಂದೆ ಕೂತಿದ್ದ ಊರವರೆಲ್ಲ ಚಪ್ಪಾಳೆ ತಟ್ಟಿದರು. ಯಾಕೆ ಎಲ್ಲರೂ ತಟ್ಟುತ್ತಿದ್ದಾರೆ ಎಂದು ಹೆಂಗಸರಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬರುವಾಗ ದೀಪದ ಕಂಬದ ಕೆಳಗೆ ನಿಂತು ನಿಮ್ಮಮ್ಮನಿಗೆ ಹೇಳಿದೆ. ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ಗುಮಾಸ್ತರು ಬ್ಯಾಂಡಿನವರು ನಿಯಮ ಮೀರಿಲ್ಲ ಎಂದು ವರದಿ ಕೊಟ್ಟಿದ್ದಾರೆ. ಬುಧವಾರ ಮ್ಯಾನೇಜರು ಶೆಡ್ಡಿಗೆ ಬಂದು, ಕಿವಿ ಡಾಕ್ಟರು ಬರುತ್ತಾರೆ, ಬಿರಡೆ ಬರುತ್ತದೆ, ಯಾರೂ ಮಗ್ಗ ಬಿಡಬೇಕಾಗಿಲ್ಲ ಎಂದು ಬರೆದು ಅಂಟಿಸಿದರಂತೆ. ಮೇಸ್ತ್ರಿಯನ್ನು ಉಳಿಸಿಕೊಂಡು ಇವರನ್ನು ತೆಗೆಯುವುದಾದರೂ ಹೇಗೆ? ನಿಮ್ಮಮ್ಮ ಅಂದು ಮನೆಗೆ ಬಂದು ಎರಡು ಸಲ ಊಟ ಮಾಡಿದಳು.

ಇವತ್ತು ಬೆಳಗ್ಗೆ ಮೇಸ್ತ್ರಿ ಗಡ್ಡ ಮಾಡಿಸಲು ಬಂದ. "ನಾನು ಮೆಲ್ಲಗೆ ಹೇಳಿದ್ದು ಕಣಯ್ಯಾ!" ಎಂದು ಕೂಗಿದ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಅವನ ಮುಖ ಸೋಪಿನೊಳಗೂ ಕೆಂಪಾಯಿತು. ಆಗ ನಿಮ್ಮಮ್ಮ ನನ್ನ ಬುತ್ತಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಸದ್ದಿಲ್ಲದೆ ತುಟಿ ಆಡಿಸಿದಳು. ಸೋಮವಾರ ನಾವೆಲ್ಲ ಡಾಕ್ಟರ ಮುಂದೆ ಕೂರುತ್ತೇವೆ, ನೀವೂ ನಮ್ಮ ಜೊತೆ ಕೂರಬೇಕು ಎಂದಳಂತೆ, ಅದು ಆಮೇಲೆ ಅವಳೇ ಹೇಳಿದ್ದು. ಮೇಸ್ತ್ರಿ ತುಟಿಯ ಮೇಲಿನ ಸೋಪು ಒರೆಸಿಕೊಂಡ. ನಾನು ಕತ್ತಿ ಎತ್ತಿ ಹಿಡಿದೇ ನಿಂತಿದ್ದೆ. ಕೊನೆಗೆ ಅವನ ತುಟಿ ಆಡಿತು, ಸದ್ದಿಲ್ಲ.

"ಬರ್ತೀನಮ್ಮಾ."

ಅಷ್ಟನ್ನು ನಾನೇ ಓದಿದೆ, ಯಾರೂ ಹೇಳಿಕೊಡಲಿಲ್ಲ.

ನಿನ್ನ
ಅಪ್ಪ